ಊರಿನ ರೊಕ್ಕ, ಊರಿನ ಹೆಸರಿನಲ್ಲಿ



2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತುವ ಕೆಲಸವನ್ನು ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ ಕೈಗೆತ್ತಿಕೊಂಡಿತು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಿರೇಹಳ್ಳಕ್ಕೆ ಇಳಿದು ನಿಂತು, ಮೈಲುಗಟ್ಟಲೆ ಹಳ್ಳದಲ್ಲಿ ತುಂಬಿದ್ದ ಜಾಲಿಕಂಟಿ, ಹೂಳು, ಕಸ ತೆಗೆಸಿದರು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯಲ್ಲೂ ಜನ ಕೈಜೋಡಿಸಿ ಹೂಳೆತ್ತಿದರು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಇದಕ್ಕೂ ಬಹಳ ಮೊದಲೇ, ನಮ್ಮ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದ 1997ರಲ್ಲೇ, ಶಮಾ ಪವಾರ್ ಅವರು ಕಿಷ್ಕಿಂದಾ ಟ್ರಸ್ಟ್ ಕಟ್ಟಿದರು. ಅಲ್ಲಿ ಬಾಳೆ ನಾರಿನ ಕೈಕೆಲಸ ಕಲಿತ ಹೆಣ್ಣುಮಕ್ಕಳು ಇಂದಿಗೂ ಅದರಿಂದ ನಾಲ್ಕು ಕಾಸು ಕಾಣುತ್ತಿದ್ದಾರೆ.

ಇವನ್ನೆಲ್ಲ ಕಣ್ಣಾರೆ ಕಂಡ ಊರುಗಳಲ್ಲಿ ಈಗ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: 'ನಮ್ಮೂರ ಕೆರೆಗೂ ಹಿಂಗ ಮಾಡೋಣ, ಪಟ್ಟಿ ಎತ್ತೋಣ.' ಪಟ್ಟಿ ಎತ್ತುವುದು ನಮ್ಮವರಿಗೆ ಹೊಸದಲ್ಲ. ಜಾತ್ರೆಗೆ, ಗುಡಿಗೆ, ಸಾಮೂಹಿಕ ಮದುವೆಗೆ ನಾವು ಪಟ್ಟಿ ಎತ್ತುತ್ತಲೇ ಬಂದಿದ್ದೇವೆ. ಹೊಸದೇನೆಂದರೆ, ಈಗ ರೊಕ್ಕ ಕೈಯಿಂದ ಕೈಗೆ ಬರುವುದಿಲ್ಲ, ಫೋನಿನಿಂದ ಫೋನಿಗೆ ಬರುತ್ತದೆ. ಬೆಂಗಳೂರಿನಲ್ಲಿರುವ ಊರ ಹುಡುಗ ಐದು ಸಾವಿರ ಹಾಕುತ್ತಾನೆ, ಗೋವಾಕ್ಕೆ ದುಡಿಯಲು ಹೋದವನು ಐನೂರು ಹಾಕುತ್ತಾನೆ. ಅದೆಲ್ಲ ಹೋಗಿ ಬೀಳುವುದು ಊರಿನಲ್ಲಿ ಓಡಾಡುವ ಒಬ್ಬ ಉತ್ಸಾಹಿಯ ಸ್ವಂತ ಉಳಿತಾಯ ಖಾತೆಗೆ.

ಆ ಉತ್ಸಾಹಿ ಎಷ್ಟೇ ಪ್ರಾಮಾಣಿಕನಾಗಿರಲಿ, ಬ್ಯಾಂಕಿನ ದಾಖಲೆಯಲ್ಲಿ ಅದು ಅವನ ರೊಕ್ಕ. ನೆಂಟರಲ್ಲದವರಿಂದ ಒಂದು ವರ್ಷದಲ್ಲಿ 50 ಸಾವಿರ ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅದನ್ನು ಪಡೆದವನ ಆದಾಯವೆಂದೇ ಎಣಿಸುತ್ತದೆ ಆದಾಯ ತೆರಿಗೆ ಕಾಯ್ದೆ. ಮೂರು ಲಕ್ಷ ಕೂಡಿಸಿ ಕೆರೆಗೆ ಸುರಿದವನು ನಾಳೆ ನೋಟಿಸಿಗೆ ಉತ್ತರ ಹುಡುಕಬೇಕಾದೀತು. ಅವನಿಗೆ ಏನಾದರೂ ಆದರಂತೂ ಖಾತೆಯಲ್ಲಿ ಉಳಿದದ್ದು ಅವನ ವಾರಸುದಾರರಿಗೆ ಹೋಗುತ್ತದೆಯೇ ಹೊರತು ಊರಿಗಲ್ಲ. ಆದ್ದರಿಂದಲೇ ಇವತ್ತು ನಿಮ್ಮ ಮುಂದೆ ಕುಳಿತಿದ್ದೇನೆ. ಊರಿನ ರೊಕ್ಕ ಊರಿನ ಹೆಸರಿನಲ್ಲಿ ಇರಬೇಕು. ಅದಕ್ಕೆ ಸಂಘವನ್ನು ನೋಂದಾಯಿಸಬೇಕು, ನೋಂದಾಯಿಸಿದ ಮೇಲೆ ತೆರಿಗೆ ವಿನಾಯಿತಿ ಪಡೆಯಬೇಕು. ಈ ಎರಡನೆಯ ಕೆಲಸ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರಂಭವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಆರಂಭವಾಗುವುದು ನೀವು ಬೈಲಾ ಬರೆಯಲು ಕೂತ ದಿನವೇ. ಅಲ್ಲಿ ತಪ್ಪಿದ ಒಂದು ಸಾಲು ಎರಡು ಮೂರು ವರ್ಷದ ನಂತರ ಅಡ್ಡ ಬಂದು ನಿಲ್ಲುತ್ತದೆ.

ಸಂಸ್ಥೆ ಕಟ್ಟಲು ನಮ್ಮಲ್ಲಿ ಮೂರು ದಾರಿಗಳಿವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಬಹುದು. ನಿಮ್ಮ ತಾಲ್ಲೂಕಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಸಾರ್ವಜನಿಕ ಟ್ರಸ್ಟ್ ಮಾಡಬಹುದು. 2013ರ ಕಂಪನಿ ಕಾಯ್ದೆಯ 8ನೇ ಕಲಮಿನಡಿ ಲಾಭ ಹಂಚದ ಕಂಪನಿಯನ್ನೂ ಮಾಡಬಹುದು. ಈ ಮೂರನೆಯದು ದೊಡ್ಡ ಕೆಲಸಕ್ಕೆ, ಹಲವು ಜಿಲ್ಲೆಗಳಲ್ಲಿ ಹರಡಿದ ಸಂಸ್ಥೆಗೆ ಹೊಂದುತ್ತದೆ. ಪ್ರತಿವರ್ಷ ಕಂಪನಿ ಇಲಾಖೆಗೆ ಸಲ್ಲಿಸಬೇಕಾದ ಕಾಗದಗಳೂ ಅದರ ಖರ್ಚೂ ಹಳ್ಳಿಯ ಕೆರೆ ಸಮಿತಿಗೆ ಹೊರೆಯಾದೀತು. ಟ್ರಸ್ಟಿನಲ್ಲಿ ಕಾಗದಪತ್ರ ಕಡಿಮೆ. ಆಸ್ತಿಯನ್ನು ಒಂದು ಉದ್ದೇಶಕ್ಕೆ ಮೀಸಲಿಟ್ಟು, ನಂಬಿದ ಕೆಲವೇ ಜನರ ಕೈಗೆ ಒಪ್ಪಿಸುವಾಗ ಅದು ಸರಿ. ಆದರೆ ಟ್ರಸ್ಟಿಗಳನ್ನು ಊರು ಚುನಾಯಿಸುವುದಿಲ್ಲ. ಊರಿನವರೆಲ್ಲ ಸದಸ್ಯರಾಗಿ, ಲೆಕ್ಕ ಕೇಳಿ, ಬೇಡವಾದವರನ್ನು ಬದಲಿಸುವಂತಿರಬೇಕು ಎಂದರೆ ಸಂಘವೇ ಒಳ್ಳೆಯದು. ಕೆರೆ, ಶಾಲೆ, ವಾಚನಾಲಯ ಇಂಥ ಕೆಲಸಗಳಿಗೆ ನಾನು ಸಂಘವನ್ನೇ ಹೇಳುತ್ತೇನೆ.

ಸಂಘ ಎಂದಾಗ ನಮ್ಮ ಭಾಗದವರ ಮನಸ್ಸಿಗೆ ಮೊದಲು ಬರುವುದು ಸಹಕಾರಿ ಸಂಘ. ಅದು ಸಹಜ. ನೆರೆಯ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ಸಹಕಾರಿ ಸಂಘದಲ್ಲಿ ಸದಸ್ಯನಿಗೆ ಷೇರು ಇರುತ್ತದೆ, ಲಾಭಾಂಶ ಬರುತ್ತದೆ. ನಾವು ಈಗ ಮಾತಾಡುತ್ತಿರುವ ಸಂಘದಲ್ಲಿ ಎರಡೂ ಇಲ್ಲ. ಇಲ್ಲಿ ಉಳಿದ ಒಂದು ರೂಪಾಯಿಯೂ ಸದಸ್ಯನ ಮನೆಗೆ ಹೋಗುವಂತಿಲ್ಲ. ಆದರೂ ಎರಡನ್ನೂ ನೋಂದಾಯಿಸುವುದು ಸಹಕಾರ ಇಲಾಖೆಯೇ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರೇ ಈ ಸಂಘಗಳ ನೋಂದಣಾಧಿಕಾರಿಗಳೂ ಆಗಿರುತ್ತಾರೆ. ಕುಷ್ಟಗಿಯವರಾಗಲಿ, ಗಂಗಾವತಿಯವರಾಗಲಿ ಈ ಕೆಲಸಕ್ಕೆ ಕೊಪ್ಪಳದ ಕಚೇರಿಯನ್ನೇ ಕೇಳಬೇಕು.

ಈ ಕಾಯ್ದೆಗೂ ಒಂದು ಹಿನ್ನೆಲೆ ಇದೆ. ಧಾರವಾಡ, ವಿಜಯಪುರದ ಕಡೆ 1860ರ ಬ್ರಿಟಿಷ್ ಕಾಯ್ದೆ ನಡೆಯುತ್ತಿತ್ತು, ಮೈಸೂರು ಸಂಸ್ಥಾನ 1904ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ನಿಜಾಮರ ಆಡಳಿತದಲ್ಲಿದ್ದ ನಮ್ಮ ಕಡೆ ಬಂದದ್ದು ಫಸಲಿ 1350ರ, ಅಂದರೆ 1940-41ರ, ಹೈದರಾಬಾದ್ ಕಾಯ್ದೆ. ಹೀಗೆ ಬೇರೆ ಕಡೆ ಸಂಘ ಸಂಸ್ಥೆಗಳಿಗೆ ಸಿಕ್ಕ ಕಾನೂನಿನ ಆಸರೆ ನಮ್ಮವರಿಗೆ ತಡವಾಗಿಯೇ ಸಿಕ್ಕಿತು. ರಾಜ್ಯ ಒಂದಾದ ಮೇಲೆ 1960ರಲ್ಲಿ ಎಲ್ಲರಿಗೂ ಒಂದೇ ಕಾಯ್ದೆಯಾಯಿತು. ನೋಂದಾಯಿತ ಸಂಸ್ಥೆಗಳ ಪದ್ಧತಿ ಈ ಭಾಗದಲ್ಲಿ ಇನ್ನೂ ಗಟ್ಟಿಯಾಗಬೇಕಿದೆ ಎನ್ನುವುದಕ್ಕೆ ಈ ಇತಿಹಾಸವೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಸಂಘ ನೋಂದಾಯಿಸಲು 18 ವರ್ಷ ತುಂಬಿದ ಕನಿಷ್ಠ ಏಳು ಜನ ಬೇಕು. ಏಳಕ್ಕೇ ನಿಲ್ಲಿಸಬೇಡಿ. ಒಂದೇ ಮನೆತನದ ಏಳು ಹೆಸರು ಬರೆದು ತಂದರೆ ಅದು ಊರಿನ ಸಂಘವಾಗುವುದಿಲ್ಲ, ಮುಂದೆ ತೆರಿಗೆ ಅಧಿಕಾರಿಗೂ ಸಂಶಯ ಬರುತ್ತದೆ. ಓಣಿಗೊಬ್ಬರಂತೆ ಸೇರಿಸಿಕೊಳ್ಳಿ, ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಿ. ಮೊದಲ ಸಭೆ ಕರೆಯಿರಿ, ಸಂಘ ಕಟ್ಟುವ ಬಗ್ಗೆ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ಹೆಸರು ಈಗಾಗಲೇ ನೋಂದಾಯಿತವಾದ ಬೇರೊಂದು ಸಂಘದ ಹೆಸರಿಗೆ ಹೋಲುವಂತಿರಬಾರದು. ಕಚೇರಿಗೆ ಒಂದು ವಿಳಾಸ ಬೇಕು, ಯಾರದಾದರೂ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಪದಾಧಿಕಾರಿಗಳ ಗುರುತಿನ ಚೀಟಿ, ಫೋಟೊ, ಸಂಘದ ಉದ್ದೇಶ ಹೇಳುವ ಜ್ಞಾಪನ ಪತ್ರ, ಬೈಲಾ, ಶುಲ್ಕ, ಇಷ್ಟು ಸಿದ್ಧವಾದರೆ ಅರ್ಜಿ ಹೋಗುತ್ತದೆ.

ಈಗ ಬೈಲಾಕ್ಕೆ ಬರುತ್ತೇನೆ. ನನ್ನ ಅರ್ಧ ಮಾತು ಇದರ ಮೇಲೆಯೇ.

ಬಹುಪಾಲು ಜನ ಮಾಡುವುದೇನು? ಬೇರೆ ಊರಿನ ಸಂಘದ ಬೈಲಾ ತಂದು, ಹೆಸರು ಬದಲಿಸಿ, ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಹಿ ಹಾಕುತ್ತಾರೆ. ಒಳಗೆ ಏನಿದೆ ಎಂದು ಏಳು ಜನರಲ್ಲಿ ಒಬ್ಬರೂ ಓದಿರುವುದಿಲ್ಲ. ದಯವಿಟ್ಟು ಹೀಗೆ ಮಾಡಬೇಡಿ. ನಿಮ್ಮ ಉದ್ದೇಶವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಆದರೆ ಕಾನೂನು ಯಾವುದನ್ನು ಧರ್ಮಕಾರ್ಯ ಎನ್ನುತ್ತದೆ ಎಂಬುದನ್ನು ತಿಳಿದು ಬರೆಯಿರಿ. ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಯೋಗ ಇವು ಆ ಪಟ್ಟಿಯಲ್ಲಿವೆ. ಪರಿಸರದ ರಕ್ಷಣೆಯೂ ಇದೆ, ಅದರಲ್ಲಿ ಜಲಾನಯನ, ಕಾಡು, ವನ್ಯಜೀವಿಗಳನ್ನು ಹೆಸರಿಟ್ಟು ಹೇಳಿದೆ. ಐತಿಹಾಸಿಕ ಸ್ಮಾರಕಗಳ, ಕಲಾವಸ್ತುಗಳ ಸಂರಕ್ಷಣೆ ಇದೆ. ಕೊನೆಗೆ ಸಾರ್ವಜನಿಕ ಉಪಯೋಗದ ಇತರ ಯಾವುದೇ ಉದ್ದೇಶ ಎಂಬ ಅಗಲವಾದ ಬಾಗಿಲೂ ಇದೆ.

ಆ ಅಗಲ ಬಾಗಿಲಿನಿಂದ ಒಳಹೋಗುವವರಿಗೆ ಒಂದು ಷರತ್ತಿದೆ. ಸರಕು ಮಾರಿ ಅಥವಾ ಸೇವೆಗೆ ಶುಲ್ಕ ಪಡೆದು ಬರುವ ವ್ಯಾಪಾರದ ಹಣ, ವರ್ಷದ ಒಟ್ಟು ಆದಾಯದಲ್ಲಿ ಶೇಕಡಾ 20 ದಾಟಿದರೆ ಆ ವರ್ಷದ ವಿನಾಯಿತಿ ಹೋಗುತ್ತದೆ. ಕಿನ್ನಾಳದ ಗೊಂಬೆಗಳನ್ನು ಮಾರಿ ಕುಶಲಕರ್ಮಿಗಳಿಗೆ ನೆರವಾಗಬೇಕು ಎನ್ನುವ ಸಂಘ ಇದನ್ನು ಚೆನ್ನಾಗಿ ಯೋಚಿಸಬೇಕು. ಸಾರ್ವಜನಿಕ ಉಪಯೋಗ ಎಂದಷ್ಟೇ ಬರೆದರೆ ಗೊಂಬೆ ಮಾರಿದ ಹಣವೇ ವಿನಾಯಿತಿಯನ್ನು ಕಳೆದೀತು. ಕೆಲಸ ನಿಜವಾಗಿಯೂ ಬಡ ಕುಟುಂಬಗಳ ನೆರವಿಗೇ ನಡೆಯುವುದಾದರೆ, ಮಕ್ಕಳಿಗೆ ಆ ಕಲೆ ಕಲಿಸುವುದಾದರೆ, ಅದನ್ನೇ ಸ್ಪಷ್ಟವಾಗಿ ಬರೆಯಿರಿ. ಕೆರೆ ಸಂಘಕ್ಕೆ ಜಲಾನಯನದ ಬಾಗಿಲು ಇದೆ, ಹಾಗಾಗಿ ಶೇಕಡಾ 20ರ ಕಾಟ ಇಲ್ಲ. ಆದರೂ ಎತ್ತಿದ ಹೂಳನ್ನು ರೈತರ ಹೊಲಕ್ಕೆ ಕೊಡುವಾಗ ಟ್ರಾಕ್ಟರಿಗೆ ಇಷ್ಟು ಎಂದು ಪಡೆದರೆ ಅದೂ ಸಂಘದ ಆದಾಯ, ಅದಕ್ಕೂ ರಸೀದಿ ಇರಬೇಕು, ಬೇರೆ ಲೆಕ್ಕ ಇರಬೇಕು.

ಇನ್ನೊಂದು ಸಾಲು ನಮ್ಮ ಭಾಗದ ಬೈಲಾಗಳಲ್ಲಿ ಬಹಳ ಕಾಣುತ್ತದೆ: 'ನಮ್ಮ ಸಮಾಜದ ಮಕ್ಕಳಿಗೆ ವಿದ್ಯಾರ್ಥಿ ವೇತನ, ನಮ್ಮ ಸಮಾಜದ ಬಡವರಿಗೆ ನೆರವು.' ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆದಾಯ ತೆರಿಗೆ ಕಾಯ್ದೆ 1961 ಜಾರಿಗೆ ಬಂದ ಮೇಲೆ ಹುಟ್ಟಿದ ಧರ್ಮಾರ್ಥ ಸಂಸ್ಥೆ ಒಂದೇ ಜಾತಿಯ ಅಥವಾ ಒಂದೇ ಮತದ ಜನರ ಒಳಿತಿಗಾಗಿ ಇದ್ದರೆ ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳ ಒಳಿತಿಗಾಗಿ ಇರುವ ಸಂಸ್ಥೆಗೆ ಮಾತ್ರ ಈ ತಡೆ ಇಲ್ಲ. ಆದ್ದರಿಂದ 'ಜಾತಿ, ಮತ, ಲಿಂಗ ಭೇದವಿಲ್ಲದೆ ಎಲ್ಲ ಸಾರ್ವಜನಿಕರಿಗೆ' ಎಂದು ಬರೆಯಿರಿ, ಬರೆದಂತೆ ನಡೆಯಿರಿ. ಫಲಾನುಭವಿಗಳ ಪಟ್ಟಿ ನೋಡಿದರೆ ಅಧಿಕಾರಿಗೆ ನಿಜ ತಿಳಿಯುತ್ತದೆ. ಹಿರೇಹಳ್ಳದಲ್ಲಿ ನೀರು ಹರಿದಾಗ ಅದು ಯಾರ ಹೊಲದ ಬೋರ್‌ವೆಲ್‌ಗೆ ಇಳಿಯಬೇಕೆಂದು ಕೇಳಲಿಲ್ಲ. ಕಾನೂನು ಇಲ್ಲಿ ಕೇಳುತ್ತಿರುವುದು ಅಷ್ಟನ್ನೇ, ಮತ್ತು ಅದು ಸರಿಯಾಗಿಯೇ ಕೇಳುತ್ತಿದೆ ಎಂದು ನಾನು ನಂಬಿದ್ದೇನೆ.

ಹಾಗೆಯೇ ಗುಡಿಯ ಕೆಲಸವನ್ನೂ ಕೆರೆಯ ಕೆಲಸವನ್ನೂ ಒಂದೇ ಬೈಲಾದಲ್ಲಿ ಬೆರೆಸಬೇಡಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆ ಇರುವ ಸಂಸ್ಥೆ ವರ್ಷದ ಆದಾಯದಲ್ಲಿ ಶೇಕಡಾ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ತೇರಿಗೆ ಬೇರೆ ಸಮಿತಿ ಇರಲಿ, ಕೆರೆಗೆ ಬೇರೆ ಸಂಘ ಇರಲಿ.

ಬೈಲಾದಲ್ಲಿ ಮರೆಯದೆ ಇರಬೇಕಾದ ಇನ್ನೆರಡು ಸಾಲು ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಮೊದಲನೆಯದು: 'ಸಂಘದ ಆದಾಯ ಮತ್ತು ಆಸ್ತಿಯನ್ನು ಸಂಘದ ಉದ್ದೇಶಗಳಿಗೆ ಮಾತ್ರ ಬಳಸತಕ್ಕದ್ದು, ಅದರ ಯಾವ ಭಾಗವನ್ನೂ ಲಾಭ, ಬೋನಸ್ ಅಥವಾ ಬೇರೆ ಯಾವ ರೂಪದಲ್ಲೂ ಸದಸ್ಯರಿಗೆ ಹಂಚತಕ್ಕದ್ದಲ್ಲ.' ಎರಡನೆಯದು: 'ಸಂಘವನ್ನು ವಿಸರ್ಜಿಸಿದಲ್ಲಿ ಸಾಲ ತೀರಿಸಿ ಉಳಿದ ಆಸ್ತಿಯನ್ನು ಇದೇ ಬಗೆಯ ಉದ್ದೇಶವುಳ್ಳ, ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ಮತ್ತೊಂದು ಸಂಸ್ಥೆಗೆ ವರ್ಗಾಯಿಸತಕ್ಕದ್ದು.' ಈ ಎರಡು ಸಾಲು ಇಲ್ಲದ ಬೈಲಾ ಹಿಡಿದುಕೊಂಡು ಹೋದವರು ಮತ್ತೆ ಸಭೆ ಕರೆದು, ತಿದ್ದುಪಡಿ ಠರಾವು ಮಾಡಿ, ನೋಂದಣಾಧಿಕಾರಿಗಳ ಒಪ್ಪಿಗೆ ಪಡೆದು ಮರಳಿ ಅರ್ಜಿ ಹಾಕಬೇಕಾಗುತ್ತದೆ. ತಿಂಗಳುಗಳೇ ಹೋಗುತ್ತವೆ.

ಇದೆಲ್ಲ ಹೊರಗಿನಿಂದ ಬಂದ ಕಟ್ಟಳೆ ಎಂದು ಭಾವಿಸಬೇಕಾಗಿಲ್ಲ. 1112ರಲ್ಲಿ ದಂಡನಾಯಕ ಮಹಾದೇವ ಇಟಗಿಯಲ್ಲಿ ದೇವಾಲಯ ಕಟ್ಟಿಸಿದ ಕಾಲದ ನಮ್ಮ ಸೀಮೆಯ ಶಾಸನಗಳನ್ನು ನೋಡಿ. ದಾನ ಯಾವುದಕ್ಕೆ, ಭೂಮಿಯ ಎಲ್ಲೆ ಯಾವುದು, ನೋಡಿಕೊಳ್ಳುವವರು ಯಾರು, ಯಾವ ತೆರಿಗೆ ಬಿಟ್ಟಿದೆ, ಸಾಕ್ಷಿಗಳು ಯಾರು ಎಂದು ಕಲ್ಲಿನ ಮೇಲೆ ಕೊರೆದಿಡುತ್ತಿದ್ದರು. ಕೊಟ್ಟದ್ದನ್ನು ತನ್ನದಾಗಿಸಿಕೊಂಡವನಿಗೆ ಕೊನೆಯಲ್ಲಿ ಶಾಪವೂ ಇರುತ್ತಿತ್ತು. ಕೆರೆಯ ರಕ್ಷಣೆಗೆಂದೇ ಗದ್ದೆ ಬಿಟ್ಟುಕೊಟ್ಟ ದಾನಗಳೂ ಇದ್ದವು.

ನೋಂದಣಿ ಪ್ರಮಾಣಪತ್ರ ಕೈಗೆ ಬಂದ ಮೇಲೆ ಸಂಘದ ಹೆಸರಿನಲ್ಲೇ ಪಾನ್ ಕಾರ್ಡ್ ಮಾಡಿಸಿ. ಬ್ಯಾಂಕ್ ಖಾತೆ ತೆರೆಯಲು ಠರಾವು ಮಾಡಿ, ಕನಿಷ್ಠ ಇಬ್ಬರ ಜಂಟಿ ಸಹಿ ಇರುವಂತೆ ನೋಡಿಕೊಳ್ಳಿ. ಅಂದಿನಿಂದ ಒಂದು ರೂಪಾಯಿಯೂ ಯಾರ ಸ್ವಂತ ಖಾತೆಗೂ ಹೋಗಬಾರದು. ಕ್ಯೂಆರ್ ಕೋಡ್ ಸಂಘದ ಖಾತೆಯದೇ ಇರಲಿ.

ಮುಂದೆ ಆದಾಯ ತೆರಿಗೆ. ಇಲ್ಲಿ ಎರಡು ಬೇರೆ ಬೇರೆ ಅನುಮತಿಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. 1961ರ ಕಾಯ್ದೆಯ 12ಎಬಿ ನೋಂದಣಿ ಸಂಘದ ಆದಾಯಕ್ಕೆ ತೆರಿಗೆ ತಗಲದಂತೆ ಮಾಡುತ್ತದೆ. 80ಜಿ ಅನುಮೋದನೆ ದಾನ ಕೊಟ್ಟವನ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುತ್ತದೆ, ನಮ್ಮಂಥ ಸಂಘಗಳಿಗೆ ಕೊಟ್ಟ ದಾನದ ಅರ್ಧದಷ್ಟಕ್ಕೆ, ಅದೂ ಒಂದು ಮಿತಿಯೊಳಗೆ. ಎರಡಕ್ಕೂ ಅರ್ಜಿ ಆನ್‌ಲೈನ್‌ನಲ್ಲೇ. ಹೊಸ ಸಂಘಕ್ಕೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಇದು ಸುಲಭವಾಗಿ ಸಿಗುವುದರಿಂದ ಜನ ಕೆಲಸ ಮುಗಿಯಿತೆಂದು ನಿಶ್ಚಿಂತರಾಗಿಬಿಡುತ್ತಾರೆ. ನಿಜವಾದ ಪರೀಕ್ಷೆ ಆಮೇಲೆ. ಕೆಲಸ ಆರಂಭಿಸಿದ 6 ತಿಂಗಳೊಳಗೆ, ಅಥವಾ ತಾತ್ಕಾಲಿಕ ನೋಂದಣಿ ಮುಗಿಯಲು 6 ತಿಂಗಳು ಇರುವಾಗ, ಈ ಎರಡರಲ್ಲಿ ಯಾವುದು ಮೊದಲೋ ಆಗ ಕಾಯಂ ನೋಂದಣಿಗೆ ಅರ್ಜಿ ಹಾಕಬೇಕು. ಆ ಅರ್ಜಿಯನ್ನು ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರು, ಅಂದರೆ ವಿನಾಯಿತಿ ವಿಭಾಗದವರು, ಪರಿಶೀಲಿಸುತ್ತಾರೆ. ಬೈಲಾ ಕೇಳುತ್ತಾರೆ, ಲೆಕ್ಕ ಕೇಳುತ್ತಾರೆ, ಬ್ಯಾಂಕ್ ಪಾಸ್‌ಬುಕ್ಕಿನ ನಮೂದು ಕೇಳುತ್ತಾರೆ, ಮಾಡಿದ ಕೆಲಸದ ಫೋಟೊ, ಬಿಲ್ಲು ಕೇಳುತ್ತಾರೆ. ಮೊದಲೇ ಕೆಲಸ ನಡೆಸುತ್ತ ಬಂದು, ಈವರೆಗೆ ವಿನಾಯಿತಿ ಕೇಳದೆ ಇದ್ದ ಸಂಘ ತಾತ್ಕಾಲಿಕ ಹಂತ ಬಿಟ್ಟು ನೇರ ಕಾಯಂ ನೋಂದಣಿಗೇ ಹೋಗಬಹುದು.

ಕಾಯಂ ಎಂದರೂ ಅದಕ್ಕೆ ಅವಧಿ ಇದೆ, ಸಾಮಾನ್ಯವಾಗಿ 5 ವರ್ಷ. 2025ರ ಬಜೆಟ್ಟಿನಲ್ಲಿ ಸಣ್ಣ ಸಂಸ್ಥೆಗಳಿಗೆ ಒಂದು ಅನುಕೂಲವಾಯಿತು. ಹಿಂದಿನ ಎರಡು ವರ್ಷಗಳಲ್ಲೂ ಆದಾಯ 5 ಕೋಟಿ ರೂಪಾಯಿ ದಾಟದಿದ್ದರೆ 12ಎಬಿ ನೋಂದಣಿ 10 ವರ್ಷಕ್ಕೆ ಸಿಗುತ್ತದೆ. 80ಜಿಗೆ ಈ ವಿಸ್ತರಣೆ ಬರಲಿಲ್ಲ. ಎರಡರ ಅವಧಿ ಬೇರೆ ಬೇರೆ ದಿನ ಮುಗಿಯುತ್ತದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಬೈಲಾದ ಉದ್ದೇಶಗಳನ್ನು ತಿದ್ದಿದರೆ 30 ದಿನದೊಳಗೆ ಇಲಾಖೆಗೆ ಮತ್ತೆ ಅರ್ಜಿ ಹಾಕಬೇಕು ಎನ್ನುವುದೂ ನೆನಪಿರಲಿ.

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಜನರ ಬಾಯಲ್ಲಿ 80ಜಿ ಎಂಬ ಹೆಸರು ಇನ್ನೂ ಕೆಲವು ವರ್ಷ ಉಳಿಯಬಹುದು, ಅರ್ಜಿ ತುಂಬುವಾಗ ಮಾತ್ರ ಆ ದಿನ ಜಾರಿಯಲ್ಲಿರುವ ನಮೂನೆಯನ್ನೇ ನೋಡಿಕೊಳ್ಳಿ. ಉದ್ದೇಶ ಸಾರ್ವಜನಿಕವಾಗಿರಬೇಕು, ಲಾಭ ಯಾರ ಮನೆಗೂ ಹೋಗಬಾರದು, ಲೆಕ್ಕ ಇರಬೇಕು ಎಂಬ ಬುಡ ಅಲ್ಲಿಯೂ ಅದೇ.

ಲೆಕ್ಕದ ವಿಷಯಕ್ಕೆ ಬಂದರೆ, ಒಂದು ಕೆರೆ ಸಂಘದ ಕಿರ್ದಿ ಪುಸ್ತಕದ ಒಂದು ಪುಟ ಹೇಗಿರಬೇಕು ಎಂದು ಹೇಳುತ್ತೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮಾ ಬದಿಯಲ್ಲಿ ತಾರೀಖು, ರಸೀದಿ ಸಂಖ್ಯೆ, ದಾನಿಯ ಪೂರ್ತಿ ಹೆಸರು, ಊರು, ಮೊತ್ತ, ನಗದೋ ಬ್ಯಾಂಕಿನಿಂದಲೋ ಎಂಬುದು. 'ಊರಿನವರಿಂದ 14 ಸಾವಿರ' ಎಂದು ಒಂದೇ ಸಾಲಿನಲ್ಲಿ ಬರೆದರೆ ಅದು ಹೆಸರಿಲ್ಲದ ದಾನವಾಗುತ್ತದೆ. ಹೆಸರಿಲ್ಲದ ದಾನ 1 ಲಕ್ಷ ರೂಪಾಯಿ, ಅಥವಾ ಒಟ್ಟು ದಾನದ ಶೇಕಡಾ 5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇಕಡಾ 30 ತೆರಿಗೆ ಬೀಳುತ್ತದೆ. ಖರ್ಚಿನ ಬದಿಯಲ್ಲಿ 'ಜೆಸಿಬಿ ಬಾಡಿಗೆ' ಎಂದಷ್ಟೇ ಬರೆದರೆ ಸಾಲದು. ಯಾವ ವಾಹನ, ಅದರ ನಂಬರು, ಎಷ್ಟು ತಾಸು, ತಾಸಿಗೆ ಎಷ್ಟು, ಮಾಲೀಕ ಯಾರು, ವೋಚರ್ ಸಂಖ್ಯೆ ಎಷ್ಟು, ಇಷ್ಟೂ ಬೇಕು. ಡೀಸೆಲ್ ಬಿಲ್ಲಿನ ಮೇಲೆ ಸಂಘದ ಹೆಸರೇ ಇರಬೇಕು.

ನಮ್ಮ ಕಡೆ ಹೆಚ್ಚು ಜನ ಎಡವುವುದು ಇಲ್ಲೇ. ಯಂತ್ರದ ಮಾಲೀಕ ಸಂಜೆಗೆ ನಗದು ಕೇಳುತ್ತಾನೆ, ನಾವು ಕೊಟ್ಟುಬಿಡುತ್ತೇವೆ. ಒಬ್ಬರಿಗೆ ಒಂದೇ ದಿನ 10 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಧರ್ಮಕಾರ್ಯಕ್ಕೆ ಬಳಸಿದ ಹಣ ಎಂದು ತೆರಿಗೆ ಇಲಾಖೆ ಎಣಿಸುವುದಿಲ್ಲ. ಹಿಟಾಚಿಯಂಥ ದೊಡ್ಡ ಯಂತ್ರದ ದಿನದ ಬಾಡಿಗೆ ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಚೆಕ್ಕಿನಲ್ಲಿ ಅಥವಾ ಬ್ಯಾಂಕಿನಿಂದ ಕೊಡಿ. ದೊಡ್ಡ ಮೊತ್ತದ ಗುತ್ತಿಗೆಯಾದರೆ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಾದೀತು, ಅದನ್ನು ಲೆಕ್ಕಪರಿಶೋಧಕರಿಗೆ ಮೊದಲೇ ಕೇಳಿ. ಯಂತ್ರ ಅಧ್ಯಕ್ಷರ ತಮ್ಮನದೇ ಆಗಿದ್ದರೆ ಇನ್ನೂ ಎಚ್ಚರ ಬೇಕು. ಬೇರೆ ಕಡೆ ತಾಸಿಗೆ ಇರುವ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಪದಾಧಿಕಾರಿಯ ಮನೆಯವರಿಗೆ ಲಾಭ ಮಾಡಿಕೊಟ್ಟಂತಾಗುತ್ತದೆ. ಇನ್ನಿಬ್ಬರ ದರಪಟ್ಟಿ ಪಡೆದು ಕಡತದಲ್ಲಿಡಿ.

ಬಂದ ಆದಾಯದಲ್ಲಿ ಶೇಕಡಾ 85ನ್ನು ಆ ಆರ್ಥಿಕ ವರ್ಷದಲ್ಲೇ ಉದ್ದೇಶಕ್ಕೆ ಬಳಸಬೇಕು ಎಂಬ ನಿಯಮವೂ ಇದೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನಮ್ಮ ಸೀಮೆಯಲ್ಲಿ ಕೆರೆಯ ತಳ ಒಣಗಿ ಯಂತ್ರ ಇಳಿಯುವುದು ಬೇಸಿಗೆಯಲ್ಲಿ, ಮುಂಗಾರಿನವರೆಗೂ ಕೆಲಸ ನಡೆಯುತ್ತದೆ. ಹಾಗಾಗಿ ಫೆಬ್ರುವರಿ, ಮಾರ್ಚಿನಲ್ಲಿ ಕೂಡಿದ ರೊಕ್ಕ ಖರ್ಚಾಗುವುದು ಮೇ ತಿಂಗಳಿನಲ್ಲಿ, ಅಂದರೆ ಮುಂದಿನ ವರ್ಷದಲ್ಲಿ. ಇದಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ಉಳಿದದ್ದನ್ನು ಮುಂದಿನ ವರ್ಷ ಬಳಸುತ್ತೇವೆ ಎಂದು ನಿಗದಿತ ಸಮಯದೊಳಗೆ ಇಲಾಖೆಗೆ ಘೋಷಣೆ ಸಲ್ಲಿಸಬಹುದು. ಇನ್ನೂ ದೊಡ್ಡ ಕೆಲಸವಾದರೆ ಇಂಥದ್ದಕ್ಕೆ ಎಂದು ಹೆಸರಿಸಿ 5 ವರ್ಷದವರೆಗೆ ಕೂಡಿಡಬಹುದು. ಘೋಷಣೆ ಸಲ್ಲಿಸದೆ ಸುಮ್ಮನೆ ಖಾತೆಯಲ್ಲಿಟ್ಟರೆ ಮಾತ್ರ ತೆರಿಗೆ ಬೀಳುತ್ತದೆ.

ದಾನಿಗಳ ವಿಷಯ. 2 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೂ ಇಲ್ಲ. ಇದನ್ನು ಮೊದಲೇ ತಿಳಿಸಿ, ಆಸೆ ಹುಟ್ಟಿಸಿ ರೊಕ್ಕ ಪಡೆಯಬೇಡಿ. ರಿಯಾಯಿತಿ ಬೇಕಾದವರ ಹೆಸರು, ವಿಳಾಸ, ಪಾನ್ ಸಂಖ್ಯೆ ಬರೆದುಕೊಂಡು, ವರ್ಷದ ಎಲ್ಲ ದಾನಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಲ್ಲಿಂದ ಹೊರಡುವ ಪ್ರಮಾಣಪತ್ರವೇ ದಾನಿಗೆ ಆಧಾರ, ನೀವು ಕೊಟ್ಟ ಕಾಗದದ ರಸೀದಿ ಮಾತ್ರ ಸಾಲದು. ಗಿಣಿಗೇರಿ, ಬೇವಿನಹಳ್ಳಿ ಕಡೆಯ ಕಾರ್ಖಾನೆಗಳಿಂದ ಸಾಮಾಜಿಕ ಹೊಣೆಗಾರಿಕೆ ನಿಧಿ, ಜನ ಸಿಎಸ್‌ಆರ್ ಎನ್ನುವ ಹಣ, ಕೇಳಬೇಕೆಂದಿದ್ದರೆ 12ಎಬಿ, 80ಜಿ ಎರಡೂ ಇದ್ದೇ ಇರಬೇಕು. ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿ ಸಂಖ್ಯೆ ಪಡೆಯಬೇಕು. ಸರ್ಕಾರದ ಅನುದಾನಕ್ಕೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಹೆಸರು ಇರಬೇಕಾಗುತ್ತದೆ.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಊರಿನವರು ಕಳಿಸುವ ಹಣದ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. ಇನ್ನೂ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ಮಾತ್ರ ವಿದೇಶಿ ದೇಣಿಗೆ, ನಮ್ಮವರೇ ಆದರೂ, ಸಾಗರೋತ್ತರ ಭಾರತೀಯರ ಕಾರ್ಡ್ ಹೊಂದಿದ್ದರೂ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು, ಹಣ ಬಂದಿಳಿಯುವುದೂ ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ. ಅನುಮತಿ ಇಲ್ಲದೆ ಒಂದು ಡಾಲರ್ ಕೂಡ ಪಡೆಯಬೇಡಿ.

ಕೆರೆ ನಿಮ್ಮೂರಿನದಾದರೂ ದಾಖಲೆಯಲ್ಲಿ ಅದು ಗ್ರಾಮ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಇರುತ್ತದೆ. ಯಂತ್ರ ಇಳಿಸುವ ಮೊದಲು ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಆನೆಗೊಂದಿಯ ಸುತ್ತ ಸ್ಮಾರಕದ ಕೆಲಸವಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಕೇಳದೆ ಒಂದು ಕಲ್ಲೂ ಸರಿಸಬೇಡಿ. ಈ ಒಪ್ಪಿಗೆ ಪತ್ರಗಳು ಮುಂದೆ ತೆರಿಗೆ ಅಧಿಕಾರಿಯ ಮುಂದೆಯೂ ನಿಮ್ಮ ಕೆಲಸ ನಿಜವೆಂದು ತೋರಿಸುವ ಪುರಾವೆಯಾಗುತ್ತವೆ.

ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಲೇಬೇಕು. ಅಲ್ಲಿ ಅಢಾವೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಓದಲು ಬಾರದವರಿಗೂ ತಿಳಿಯುವಂತೆ. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗಳ ಕಚೇರಿಗೆ ತಲುಪಬೇಕು. ಆದಾಯ ತೆರಿಗೆ ತಗಲದ ಮಿತಿಯನ್ನು ದಾಟಿದ್ದರೆ ಲೆಕ್ಕಪರಿಶೋಧನೆ ಮಾಡಿಸಿ, ವರದಿಯನ್ನೂ ರಿಟರ್ನ್ ಅನ್ನೂ ಸಮಯಕ್ಕೆ ಸರಿಯಾಗಿ ಸಲ್ಲಿಸಬೇಕು. ರಿಟರ್ನ್ ತಡವಾದರೆ ನೋಂದಣಿ ಇದ್ದೂ ವಿನಾಯಿತಿ ಕೈತಪ್ಪಬಹುದು. ಲೆಕ್ಕದ ಪುಸ್ತಕ, ವೋಚರ್‌ಗಳನ್ನು 10 ವರ್ಷ ಕಾಪಾಡಬೇಕು.

ಕೊನೆಯದಾಗಿ ಒಂದು ಸಣ್ಣ ವಿಷಯ, ಆದರೆ ಇದರಿಂದಲೇ ಒಳ್ಳೆಯ ಸಂಘಗಳು ನಿಂತುಹೋಗುತ್ತವೆ. ಈಗ ಎಲ್ಲವೂ ಆನ್‌ಲೈನ್. ಪೋರ್ಟಲ್‌ನ ಒಟಿಪಿ ಹೋಗುವುದು ಮೊದಲ ಕಾರ್ಯದರ್ಶಿಯ ಮೊಬೈಲಿಗೆ. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾರೆ, ನಂಬರು ಬದಲಾಗುತ್ತದೆ, ಇಲಾಖೆಯ ನೋಟಿಸು ಯಾರೂ ತೆರೆಯದ ಇಮೇಲ್‌ನಲ್ಲಿ ಕೂತಿರುತ್ತದೆ, ಉತ್ತರ ಕೊಡುವ ಗಡುವು ಮುಗಿದಿರುತ್ತದೆ. ಆದ್ದರಿಂದ ಸಂಘಕ್ಕೇ ಒಂದು ಪ್ರತ್ಯೇಕ ಸಿಮ್, ಒಂದು ಪ್ರತ್ಯೇಕ ಇಮೇಲ್ ಇರಲಿ. ಪದಾಧಿಕಾರಿಗಳು ಬದಲಾದ ಸಭೆಯಲ್ಲೇ ಸಿಮ್, ಪಾಸ್‌ವರ್ಡ್, ನಡಾವಳಿ ಪುಸ್ತಕ, ಕಿರ್ದಿ, ರಸೀದಿ ಬುಕ್ಕು, ಚೆಕ್ ಬುಕ್ಕು, ಮೂಲ ಪ್ರಮಾಣಪತ್ರಗಳನ್ನು ಎಣಿಸಿ ಹೊಸಬರಿಗೆ ಕೊಟ್ಟು, ಕೊಟ್ಟವರು, ಪಡೆದವರು ಇಬ್ಬರೂ ನಡಾವಳಿಯಲ್ಲಿ ಸಹಿ ಮಾಡಬೇಕು. ಬ್ಯಾಂಕಿನಲ್ಲಿ ಸಹಿ ಬದಲಿಸುವ ಠರಾವು ಅಂದೇ ಆಗಬೇಕು, ಪೋರ್ಟಲ್‌ನಲ್ಲಿ ಹೊಸಬರ ಹೆಸರು ಅದೇ ವಾರ ಸೇರಬೇಕು.